ಕೌದಿಯ ಹೊಟ್ಟೆ

ಚಳಿಗಾಲ ಶುರುವಾದರೆ ನಮ್ಮ ಓಣಿಗೆ ಯಾವುದಾದರೂ ಸಂಘದವರು ಬರುತ್ತಾರೆ. ಬಸ್ ನಿಲ್ದಾಣದಲ್ಲಿ, ಅಂಗಡಿ ಕಟ್ಟೆಗಳ ಮೇಲೆ ಮಲಗುವವರಿಗೆ ಹಂಚಲು ಹಳೆಯ ಶಾಲು, ಸ್ವೆಟರು, ಚಪ್ಪಲಿ ಇದ್ದರೆ ಕೊಡಿ ಎನ್ನುತ್ತಾರೆ. ಕೆಲಸ ಒಳ್ಳೆಯದು, ನಾನು ಇಲ್ಲವೆನ್ನುವುದಿಲ್ಲ. ಆದರೆ ಕೊಡುವ ಮೊದಲು ಬಾಗಿಲಲ್ಲೇ ನಿಲ್ಲಿಸಿ ಒಂದು ಪ್ರಶ್ನೆ ಕೇಳುತ್ತೇನೆ: ಇದು ಅವರ ಮೈಮೇಲೆ ಬೀಳುವುದು ಯಾವತ್ತು? "ಬರೂ ತಿಂಗಳ ಕಾರ್ಯಕ್ರಮ ಇಟ್ಟೇವ್ರಿ ಅಜ್ಜಾರ, ದೊಡ್ಡ ಮಂದಿ ಬರ್ತಾರ" ಎಂದರೆ ಮುಗಿಯಿತು, ನನ್ನ ಪಿತ್ತ ನೆತ್ತಿಗೇರುತ್ತದೆ. "ಚಳಿಗಿ ನಿಮ್ಮ ಕಾರ್ಯಕ್ರಮದ ತಾರೀಖ ಗೊತ್ತದೇನ್ರಿ?" ಎಂದು ಕೂಗಿಬಿಡುತ್ತೇನೆ. ಹೆಂಡತಿ ಒಳಗಿನಿಂದ ಬಂದು, ನನ್ನನ್ನು ಪಕ್ಕಕ್ಕೆ ಸರಿಸಿ, ಅವರ ಕೈಗೆ ಬಟ್ಟೆಯ ಗಂಟು ಕೊಟ್ಟು ಕಳಿಸುತ್ತಾಳೆ. ಆಮೇಲೆ ನನ್ನ ಮುಂದೆ ಚಹಾ ಇಟ್ಟು, "ಅವ್ರ ಮ್ಯಾಲ ಯಾಕ ಸಿಟ್ಟ ಮಾಡ್ತೀರಿ" ಎನ್ನುತ್ತಾಳೆ. ಸಿಟ್ಟು ಅವರ ಮೇಲಲ್ಲ ಎಂಬುದು ಅವಳಿಗೂ ಗೊತ್ತು.

ಆ ಸಿಟ್ಟು ಹುಟ್ಟಿದ್ದು ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಮೊದಲ ಚಳಿಗಾಲದಲ್ಲಿ. ನಾನು ಬೀದರಿನ ಒಂದು ಸರ್ಕಾರಿ ಕಚೇರಿಯಲ್ಲಿ ಕಾರಕೂನನಾಗಿದ್ದೆ. ಹೈದರಾಬಾದಿನ ಆಡಳಿತದಲ್ಲಿ ಉರ್ದು ಬರೆದು ಬರೆದು ನಮ್ಮ ಕೈಗಳೆಲ್ಲ ಬಲದಿಂದ ಎಡಕ್ಕೆ ಓಡುವುದನ್ನು ಕಲಿತಿದ್ದವು. ಈಗ ಎಲ್ಲ ಕನ್ನಡ, ಇಲ್ಲವೆ ಇಂಗ್ಲಿಷ್. ಇಡೀ ಕಚೇರಿಯಲ್ಲಿ ನೆಟ್ಟಗೆ ಕನ್ನಡ ಬರೆಯಬಲ್ಲವರು ಮೂರು ಮಂದಿ, ಅದರಲ್ಲಿ ನಾನೊಬ್ಬ. ಭಾಲ್ಕಿಯಲ್ಲಿ ಮಠಕ್ಕೆ ಹೋಗಿ ವಚನ ಓದುವುದನ್ನು ಕಲಿತಿದ್ದ ಅವ್ವ ನನಗೆ ಮನೆಯಲ್ಲೇ ಅಕ್ಷರ ತಿದ್ದಿಸಿದ್ದಳು. ನಿನ್ನೆಯವರೆಗೆ ಯಾರಿಗೂ ಬೇಡವಾಗಿದ್ದ ಆ ವಿದ್ಯೆಯಿಂದ ಇವತ್ತು ನಾನು ಎಲ್ಲರಿಗೂ ಬೇಕಾದವನಾದೆ. ಎದೆ ಉಬ್ಬಿಸಿಕೊಂಡು ತಿರುಗುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಮನೆಯಿಂದ ಕಚೇರಿಗೆ ಹೋಗುವ ದಾರಿಯಲ್ಲಿ ಚೌಬಾರಾ, ಊರ ನಡುವಿನ ಹಳೆಯ ಕಾವಲು ಗೋಪುರ. ಅದರ ಸುತ್ತ ಅಂಗಡಿಗಳು, ಅಂಗಡಿಗಳ ಮುಂದೆ ಕಲ್ಲಿನ ಕಟ್ಟೆಗಳು. ಬೀದರ ಎತ್ತರದ ಮೇಲಿರುವ ಊರು. ಕಾರ್ತಿಕ ಮುಗಿಯುವಷ್ಟರಲ್ಲಿ ಕೆಳಗಿನ ಬಯಲಿನಿಂದ ಗಾಳಿ ಏರಿ ಬರತೊಡಗುತ್ತದೆ. ಆ ಕಟ್ಟೆಗಳ ಮೇಲೆ ಇಪ್ಪತ್ತು ಇಪ್ಪತ್ತೈದು ಮಂದಿ ಮಲಗುತ್ತಿದ್ದರು. ಹೈದರಾಬಾದು ಭಾರತಕ್ಕೆ ಸೇರಿದಾಗಿನ ಗಲಾಟೆಯ ವರ್ಷದಲ್ಲಿ ಮನೆ ಮಾರು ಕಳೆದುಕೊಂಡವರಿದ್ದರು, ನೋಡಿಕೊಳ್ಳುವವರಿಲ್ಲದ ಮುದುಕರಿದ್ದರು, ಕೂಲಿಗೆಂದು ಬಂದು ಕೂಲಿ ಸಿಗದೆ ಉಳಿದವರಿದ್ದರು. ಬೆಳಿಗ್ಗೆ ಅಂಗಡಿಯವರು ಬಂದು ಏಳಿಸುವವರೆಗೆ ಗೋಣಿಚೀಲ ಎಳೆದುಕೊಂಡು ಮುದುಡಿರುತ್ತಿದ್ದರು. ನಾನು ದಿನವೂ ನೋಡುತ್ತಿದ್ದೆ, ದಿನವೂ ಮುಂದೆ ಹೋಗುತ್ತಿದ್ದೆ.

ಒಂದು ದಿನ ಅವಸರದಲ್ಲಿ ಒಬ್ಬ ಮುದುಕಿಯ ಗೋಣಿಚೀಲದ ಅಂಚು ತುಳಿದುಬಿಟ್ಟೆ. ಅವಳು ಎದ್ದು ಕೂತಳು.

"ಕಾಲ ನೋಡಿ ಇಡ್ರಿ ಯಪ್ಪಾ. ನನಗ ಕಣ್ಣ ಮಂಜ, ನಿಮಗರೆ ಕಾಣ್ತದಲ್ಲ."

ಆ ಮಾತಿಗೆ ನನಗೆ ನಗುವೂ ಬಂತು, ನಾಚಿಕೆಯೂ ಆಯಿತು. ಅಲ್ಲೇ ಕೂತು ಮಾತನಾಡಿಸಿದೆ. ಔರಾದ ತಾಲೂಕಿನ ಎಕಂಬಾದವಳು. ಕೌದಿ ಹೊಲಿಯುವುದು ಅವಳ ಕಸುಬಾಗಿತ್ತು. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ನಡುವಿನವರೆಗೆ ಸಾಲು ಸಾಲಾಗಿ ಹೊಲಿಗೆ ಹಾಕಿ, ಹಾಸಲು ಹೊದೆಯಲು ಆಗುವಂತೆ ಮಾಡುವ ಕೌದಿ ನಮ್ಮ ಕಡೆ ಪ್ರತಿ ಮನೆಯಲ್ಲೂ ಇರುತ್ತದೆ. ಮನೆಯ ಹೆಂಗಸರಿಗೆ ಪುರಸೊತ್ತಿಲ್ಲದಿದ್ದರೆ ಇಂಥವಳನ್ನು ಕರೆಸಿ, ಜೋಳ ಅಳೆದು ಕೊಟ್ಟು, ಹೊಲಿಸುತ್ತಿದ್ದರು.

"ಎಷ್ಟ ಮನಿ ಕೌದಿ ಹೊಲ್ದೇನಿ ಅಂತ ನೆನಪಿಲ್ಲರೀ. ಕಣ್ಣ ಹೋದ್ವು, ಕಸಬ ಹೋಯ್ತು. ಭಾವನ ಮಕ್ಕಳ ಮನ್ಯಾಗ ಎಷ್ಟ ದಿನ ಕೂತ ತಿನ್ಲಿ?"

"ನಿನಗಂತ ಒಂದ ಕೌದಿ ಇಟ್ಕೊಳ್ಳಿಲ್ಲೇನ ಆಯಿ?"

"ಇತ್ತರೀ. ಬರೂ ಮುಂದ ಮನ್ಯಾಗ ಸೊಸಿ ಬಾಣಂತಿ ಇದ್ಳು. ಇದ್ದ ಒಂದ ಕೌದಿ ಆಕಿಗಿ ಹೊಚ್ಚಿ ಬಂದೆ."

ಗೋಣಿಚೀಲದಿಂದ ಹೊರಗೆ ಬಂದಿದ್ದ ಅವಳ ಕಾಲು ನೋಡಿದೆ. ಹಿಮ್ಮಡಿ ಬಿರಿದು, ಬಿರುಕಿನಲ್ಲಿ ರಕ್ತ ಒಣಗಿತ್ತು. ನಾನು ದುಡುಕಿನ ಮನುಷ್ಯ. ಹಿಂದೆ ಮುಂದೆ ಯೋಚಿಸದೆ ಅಂದುಬಿಟ್ಟೆ: "ಎಳ್ಳ ಅಮಾಸಿಗಿಂತ ಮೊದ್ಲ ನಿನಗ ಕೌದಿ, ಕಾಲಿಗಿ ಚಪ್ಪಲ, ಎರಡೂ ತಂದ ಕೊಡ್ತೇನಿ."

ಅವಳು ಬೆರಳ ಗೆಣ್ಣುಗಳ ಮೇಲೆ ಎಣಿಸಿದಳು. "ಅಮಾಸಿ ದೂರ ಇಲ್ಲ ಬಿಡ್ರಿ, ತಡಕೋತೇನಿ" ಎಂದಳು.

ಆ ವಾರವೇ ರೈಲು ಹತ್ತಿ ಭಾಲ್ಕಿಗೆ ಹೋದೆ. ಅವ್ವನ ಹತ್ತಿರ ಹಳೆಯ ಕೌದಿಯೊಂದಿದ್ದರೆ ಕೊಡು ಎಂದು ಕೇಳಿದೆ. ಯಾರಿಗೆ ಏನು ಎಂದು ಅವಳು ವಿಚಾರಿಸಿದಳು. ಚೌಬಾರಾದ ಕಟ್ಟೆಗಳ ಸಂಗತಿ ಹೇಳಿದೆ. ಅವ್ವ ಸೊಪ್ಪು ಸೋಸುತ್ತಿದ್ದವಳು ಕೈ ನಿಲ್ಲಿಸಿದಳು.

"ಒಬ್ಬಾಕಿಗೇ ಯಾಕ? ಉಳದವ್ರೇನ ಕಲ್ಲೇನ?"

"ಅಷ್ಟ ಕೌದಿ ಎಲ್ಲಿಂದ ತರ್ಲಿ ಯವ್ವಾ?"

"ನೀ ಎಲ್ಲಿಂದ ತರ್ತಿ? ನಾವ ಹೊಲೀತೇವಿ. ನೀ ಒಯ್ಯೂದರೆ ಮಾಡು."

ಓಣಿಯ ಹೆಂಗಸರೆಲ್ಲ ಸೇರಿದರು. ಭಾತಂಬ್ರಾದ ಅತ್ತೆಯ ಮನೆಯಿಂದ, ಸಾಯಗಾಂವದ ಚಿಕ್ಕವ್ವನ ಮನೆಯಿಂದ ಹಳೆಯ ಸೀರೆಗಳ ಗಂಟು ಬಂದವು. ಮಧ್ಯಾಹ್ನದ ಊಟವಾದ ಮೇಲೆ ನಮ್ಮ ಪಡಸಾಲೆಯಲ್ಲಿ ಕೂತು, ಒಂದೊಂದು ಕೌದಿಗೆ ನಾಲ್ಕು ಮಂದಿ ನಾಲ್ಕು ಬದಿಯಿಂದ ಹೊಲಿಗೆ ಹಾಕುತ್ತಿದ್ದರು. ಯಾರ ಸೀರೆ ಯಾವ ಮದುವೆಯದು ಎಂಬ ಮಾತು, ಅದರ ಮೇಲೊಂದು ನಗೆ, ಒಮ್ಮೊಮ್ಮೆ ಒಂದು ಜಗಳ. ನಾನು ಪ್ರತಿ ವಾರ ಹೋಗಿ ನೋಡಿ ಬರುತ್ತಿದ್ದೆ.

ಕೌದಿ ಮುಗಿಯುವಾಗ ನಮ್ಮ ಕಡೆ ಒಂದು ಪದ್ಧತಿ ಇದೆ. ಕೊನೆಯ ಮೂಲೆ ಮುಚ್ಚುವ ಮೊದಲು ಅದರೊಳಗೆ ಒಂದು ಚೂರು ಖಡಕ್ ರೊಟ್ಟಿ, ಒಂದು ಹರಳು ಬೆಲ್ಲ ಇಟ್ಟು ಹೊಲಿಯುತ್ತಾರೆ. ಕೌದಿಯ ಹೊಟ್ಟೆ ಖಾಲಿ ಇರಬಾರದು, ಹಸಿದ ಕೌದಿ ಬೆಚ್ಚಗಿರುವುದಿಲ್ಲ ಎಂದು ನಮ್ಮ ಹೆಂಗಸರ ನಂಬಿಕೆ. ಅವ್ವ ಪ್ರತಿಯೊಂದು ಕೌದಿಗೂ ತಾನೇ ರೊಟ್ಟಿ ಮುರಿದು ಇಟ್ಟಳು. ಬೇರೆಯವರ ಕೈಗೆ ಆ ಮೂಲೆ ಕೊಡಲಿಲ್ಲ.

ಚಪ್ಪಲಿಯ ಮಾತು ಬೇರೆ. ಅಪ್ಪನ ಕಾಲದಿಂದ ನಮ್ಮ ಮನೆಗೆ ಚಪ್ಪಲಿ ಹೊಲಿದು ಕೊಡುತ್ತಿದ್ದ ಮುದುಕನೊಬ್ಬ ಔರಾದಿನಲ್ಲಿದ್ದ. ಬಸ್ಸಿನಲ್ಲಿ ಹೋಗಿ ಅವನನ್ನು ಕೇಳಿದರೆ, ಹೊಲಿದು ಕೊಡುತ್ತೇನೆ, ಆದರೆ ಅಂದಾಜಿನ ಮೇಲೆ ಹೊಲಿಯುವುದಿಲ್ಲ ಎಂದ. "ಕಾಲರೆ ತರ್ರಿ, ಇಲ್ಲ ಅಳತಿಯರೆ ತರ್ರಿ. ಬರಿಗಾಲಿನ ಮಂದಿಗಿ ಬಿಗಿ ಚಪ್ಪಲ ಕೊಟ್ರ ಕೈಯಾಗ ಹಿಡ್ಕೊಂಡ ತಿರಗ್ತಾರ."

ಹಾಗಾಗಿ ನಾನು ಸುತಳಿ ಹಿಡಿದು ಚೌಬಾರಾದ ಕಟ್ಟೆ ಕಟ್ಟೆ ತಿರುಗಿದೆ. ಪ್ರತಿಯೊಬ್ಬರ ಪಾದದ ಉದ್ದಕ್ಕೊಂದು ಗಂಟು, ಅಗಲಕ್ಕೊಂದು ಗಂಟು, ಆಮೇಲೆ ಹೆಸರಿನ ಚೀಟಿ. ಸರ್ಕಾರಿ ಕಾರಕೂನ ಕಾಲ ಬಳಿ ಕೂತಿದ್ದನ್ನು ನೋಡಿ ಅಂಗಡಿಯವರು ಹಲ್ಲು ಕಿಸಿದರು. ಎಕಂಬಾದ ಆಯಿ ಕಾಲು ಹಿಂದೆ ಎಳೆದುಕೊಂಡಳು. "ಕಾಲ ಮುಟ್ಟಬ್ಯಾಡ್ರಿ ಸಾಹೇಬ್ರ, ನನಗ ಪಾಪ ಹತ್ತತದ" ಎಂದಳು. ನಾನು ಹಿಡಿದು ಅಳೆದೇ ಬಿಟ್ಟೆ. ಚಿಕ್ಕ ಪಾದ, ನನ್ನ ಒಂದು ಗೇಣೂ ಪೂರ್ತಿ ಇರಲಿಲ್ಲ.

ಎಳ್ಳ ಅಮಾವಾಸ್ಯೆಗೆ ಇನ್ನೂ ಆರು ದಿನ ಇರುವಾಗ ಎಲ್ಲವೂ ನನ್ನ ಕೋಣೆಗೆ ಬಂದಿತ್ತು. ಕೌದಿಗಳು ಛಾವಣಿಯವರೆಗೆ, ಚಪ್ಪಲಿಗಳು ಎರಡು ಚೀಲದಲ್ಲಿ. ಅದೇ ಸಂಜೆ ಒಂದು ಟಾಂಗಾ ಕರೆದು ಚೌಬಾರಾಕ್ಕೆ ಒಯ್ದಿದ್ದರೆ ಅರ್ಧ ಗಂಟೆಯ ಕೆಲಸ. ಆ ಅರ್ಧ ಗಂಟೆ ಕೈಗೆ ಸಿಕ್ಕರೆ ಇವತ್ತಿಗೂ ಬಿಗಿಯಾಗಿ ಹಿಡಿದುಕೊಂಡೇನು.

ಮಾರನೆಯ ದಿನ ನಾನು ನಮ್ಮ ಸಾಹೇಬರಿಗೆ ಹೇಳಿದೆ. ಹೇಳಬೇಕಾದ ಅಗತ್ಯವೇ ಇರಲಿಲ್ಲ. ಶಾಭಾಶ್ ಅನಿಸಿಕೊಳ್ಳುವ ಆಸೆ, ಅಷ್ಟೇ. ಸಾಹೇಬರು ಮೈಸೂರು ಕಡೆಯಿಂದ ಹೊಸದಾಗಿ ಬಂದವರು, ಸಜ್ಜನರು, ಯಾರಿಗೂ ಗದರಿದವರಲ್ಲ. ಬೀದರಿನ ಚಳಿಗೆ ಅವರ ಕಿವಿಯ ಮೇಲಿನ ಮಫ್ಲರು ಇಳಿದದ್ದನ್ನು ನಾನು ನೋಡಿಲ್ಲ. "ಬೀದರ್ ಅಂದ್ರೆ ಬರೀ ಬಿಸಿಲು ಅಂತ ಹೇಳಿ ಕಳಿಸಿದ್ರು ಕಣ್ರೀ" ಎಂದು ದಿನಕ್ಕೊಮ್ಮೆ ಅನ್ನುತ್ತಿದ್ದರು.

ನನ್ನ ಮಾತು ಕೇಳಿ ಅವರು ಕುರ್ಚಿಯಿಂದ ಎದ್ದರು. "ಎಂಥಾ ಒಳ್ಳೇ ಕೆಲಸ ಮಾಡಿದೀರಿ! ಇದನ್ನ ಸುಮ್ನೆ ಬೀದೀಲಿ ಕೊಟ್ಟುಬಿಡೋದೇನ್ರೀ? ಹೊಸ ರಾಜ್ಯದ ಮೊದಲನೇ ಚಳಿಗಾಲ. ಮೇಲಿನ ಸಾಹೇಬರು ಈ ವಾರ ಬರ್ತಾ ಇದಾರೆ, ಅವರ ಕೈಲೇ ಕೊಡಿಸೋಣ. ನಾಲ್ಕು ದಿನ ಅಷ್ಟೇ."

ನಾನು ಉಬ್ಬಿಹೋದೆ. ಅಮಾವಾಸ್ಯೆಗೆ ಇನ್ನೂ ಐದು ದಿನ ಇದೆ, ಮಾತು ತಪ್ಪುವುದಿಲ್ಲ ಎಂದು ಮನಸ್ಸಿನಲ್ಲೇ ಎಣಿಸಿದೆ. ಕೌದಿ, ಚಪ್ಪಲಿ ಎಲ್ಲವನ್ನೂ ಕಚೇರಿಯ ಗೋದಾಮಿಗೆ ಸಾಗಿಸಿದೆ. ಬೀಗದ ಮೇಲೆ ಬಟ್ಟೆ ಸುತ್ತಿ, ಅರಗಿನ ಮುದ್ರೆ ಒತ್ತಿದವನೂ ನಾನೇ.

ನಾಲ್ಕು ದಿನವಾದವು. ಮೇಲಿನ ಸಾಹೇಬರು ಬರಲಿಲ್ಲ. ಬರುವ ವಾರ ಎಂದರು, ಆ ವಾರವೂ ಬರಲಿಲ್ಲ. ಚುನಾವಣೆಯ ತಯಾರಿ ಶುರುವಾಗಿತ್ತು, ಅವರಿಗೆ ಹತ್ತು ಊರಿನ ಕೆಲಸ. ಇತ್ತ ನಮ್ಮ ಕಚೇರಿಯಲ್ಲಿ ಹೆಸರಿನ ಪಟ್ಟಿಯ ರಗಳೆ ಹುಟ್ಟಿಕೊಂಡಿತು. ವಸ್ತುಗಳು ಸರ್ಕಾರಿ ಗೋದಾಮಿಗೆ ಬಂದ ಮೇಲೆ ಪಡೆಯುವವರ ಪಟ್ಟಿ ಬೇಕೇಬೇಕಂತೆ: ಹೆಸರು, ತಂದೆ ಅಥವಾ ಗಂಡನ ಹೆಸರು, ವಾಸದ ಊರು, ಊರಿನ ಲೆಕ್ಕ ಬರೆಯುವ ಪಟವಾರಿಯ ಸಹಿ. ನಾನು ವಾಸದ ಊರಿನ ಕಾಲಮಿನಲ್ಲಿ ಎಲ್ಲರಿಗೂ ಚೌಬಾರಾ ಎಂದು ಬರೆದೆ. ಚೌಬಾರಾ ಒಂದು ಕಟ್ಟಡ, ವಾಸದ ಊರಲ್ಲ ಎಂದು ಪಟ್ಟಿ ವಾಪಸು ಬಂತು. ಸರಿ, ಒಬ್ಬೊಬ್ಬರ ಹುಟ್ಟೂರು ಕೇಳಿ ಬರೆದು ಪಟವಾರಿಗಳಿಗೆ ಕಾಗದ ಕಳಿಸಿದೆ. ಎಕಂಬಾದಿಂದ ಬಂದ ಉತ್ತರ ನನಗೆ ಇನ್ನೂ ಬಾಯಿಪಾಠ ಇದೆ: ಸದರಿ ಹೆಂಗಸು ಈಗ ಈ ಗ್ರಾಮದಲ್ಲಿ ವಾಸವಾಗಿರುವುದಿಲ್ಲವಾದ ಕಾರಣ ಸಹಿ ಮಾಡಲು ಬರುವುದಿಲ್ಲ. ಅವನು ಬರೆದದ್ದು ಸುಳ್ಳಲ್ಲ. ಅವಳು ಆ ಊರಿನಲ್ಲಿ ವಾಸವಾಗಿದ್ದರೆ ನನ್ನ ಪಟ್ಟಿಯಲ್ಲಿ ಯಾಕೆ ಇರುತ್ತಿದ್ದಳು! ಆ ಕಾಗದ ಹಿಡಿದು ಸಾಹೇಬರ ಮುಂದೆ ನಿಂತೆ.

"ಸಾಹೇಬ್ರ, ಮನಿ ಇಲ್ಲದವ್ರಿಗಿ ಮನಿ ಎಲ್ಲಿ ಅಂತ ಕೇಳಿದ್ರ ಅವ್ರೇನ ಹೇಳ್ಬೇಕ್ರಿ?"

ಸಾಹೇಬರು ಕಾಗದವನ್ನು ಎರಡು ಸಲ ಓದಿದರು. "ನಿಜ ಕಣ್ರೀ. ಆದ್ರೆ ಕಾಲಮ್ಮು ಖಾಲಿ ಬಿಡೋ ಹಾಗಿಲ್ಲ. ಬರೆದು ಕೇಳೋಣ, ಏನಾದ್ರೂ ದಾರಿ ತೋರಿಸ್ತಾರೆ."

ಬರೆದು ಕೇಳಿದವನೂ ನಾನೇ. ನೆಟ್ಟಗಿನ ಕನ್ನಡದಲ್ಲಿ.

ಈ ಕಾಗದಗಳ ಓಡಾಟಕ್ಕೆ ಮೊದಲೇ ಎಳ್ಳ ಅಮಾವಾಸ್ಯೆ ಬಂದಿತ್ತು, ಹಬ್ಬಕ್ಕೆ ಊರಿಗೆ ಹೋದೆ. ಹೊಲದಲ್ಲಿ ಎಲ್ಲರೂ ಸಾಲಾಗಿ ಕೂತು ಸಜ್ಜೆ ರೊಟ್ಟಿ, ಕಾಳು ತರಕಾರಿಯ ಭಜ್ಜಿ, ಅಂಬಲಿ ಉಣ್ಣುತ್ತಿದ್ದೆವು. ಅವ್ವ ನನ್ನ ತಟ್ಟೆಗೆ ಬಡಿಸುತ್ತಾ ಕೇಳಿದಳು: "ಆ ಆಯಿಗಿ ಹೊಚ್ಚಿ ಬಂದಿಯೇನ?" ಸುತ್ತ ಹೊಲಿಗೆ ಹಾಕಿದ ಹೆಂಗಸರೆಲ್ಲ ಇದ್ದರು, ಎಲ್ಲರ ಮುಖ ನನ್ನ ಕಡೆ ತಿರುಗಿತು. "ಹೂಂ" ಎಂದೆ. ಒಬ್ಬಾಕೆ, "ಏನಂದ್ಳು?" ಎಂದು ಕೇಳಿದಳು. "ಛಂದ ಅದ ಅಂದ್ಳು" ಎಂದೆ. ಅವರ ಮುಖಗಳು ಅರಳಿದವು, ನಾನು ತಲೆ ಬಗ್ಗಿಸಿ ಅಂಬಲಿ ಕುಡಿದೆ.

ಬೀದರಿಗೆ ಮರಳಿದ ಮೇಲೆ ನಾನು ದಾರಿ ಬದಲಿಸಿದೆ. ಚೌಬಾರಾ ತಪ್ಪಿಸಿ, ಹಿಂದಿನ ಗಲ್ಲಿಗಳಿಂದ ಸುತ್ತು ಹಾಕಿ ಕಚೇರಿಗೆ ಹೋಗತೊಡಗಿದೆ. ಎಂಟು ದಿನ ಹಾಗೆ ಹೋದೆ. ಒಂಬತ್ತನೆಯ ದಿನ ನನ್ನ ಮೇಲೆ ನನಗೇ ಹೇಸಿಗೆಯಾಗಿ, ನನ್ನ ಹಳೆಯ ಉಣ್ಣೆ ಕೋಟನ್ನು ತೆಗೆದುಕೊಂಡು ನೇರವಾಗಿ ಅವಳ ಕಟ್ಟೆಗೆ ಹೋದೆ.

"ಅಮಾಸಿ ಹೋಯ್ತಲ್ರಿ ಸಾಹೇಬ್ರ" ಎಂದಳು. ಬೈಗುಳದ ದನಿಯಲ್ಲ, ವಿಷಯ ತಿಳಿಸುವ ದನಿ.

"ಇನ್ನ ನಾಕ ದಿನ ಆಯಿ."

"ಯಾವ ನಾಕ ದಿನಾರೀ?"

ಕೋಟನ್ನು ಅವಳ ಹೆಗಲಿಗೆ ಹೊದಿಸಿ ಬಂದುಬಿಟ್ಟೆ. ಸ್ವಲ್ಪ ಹಗುರಾಯಿತು. ಎರಡು ದಿನ ಬಿಟ್ಟು ನೋಡಿದರೆ ಕೋಟು ಅವಳ ಮೈಮೇಲಿಲ್ಲ, ಪಕ್ಕದಲ್ಲಿ ಕೆಮ್ಮುತ್ತಾ ಬಿದ್ದಿದ್ದ ಮುದುಕನೊಬ್ಬನ ಮೇಲಿತ್ತು. ನನಗೆ ರೇಗಿತು. "ನಿನಗ ಕೊಟ್ಟದ್ದ ಅವ್ರಿಗಿ ಯಾಕ ಕೊಟ್ಟಿ?" ಎಂದು ಜೋರಾಗಿ ಕೇಳಿದೆ.

"ನನಗ ಕೌದಿ ಬರ್ತದಲ್ರಿ" ಎಂದಳು. "ಅವ್ರಿಗಿ ಯಾರ ಹೇಳ್ಯಾರ? ಅದಕ್ಕ ಕೊಟ್ಟೆ."

ಆ ಮುದುಕನ ಅಳತೆಯ ಚಪ್ಪಲಿಯೂ ಅವನ ಪಾಲಿನ ಕೌದಿಯೂ ಗೋದಾಮಿನಲ್ಲೇ ಇದ್ದವು. ಅವನಿಗೆ ನಾನು ದಿನ ಹೇಳಿರಲಿಲ್ಲ ಅಷ್ಟೇ. ಅವಳಿಗೆ ಹೇಳಿದ್ದೆ, ಅವಳು ನಂಬಿದ್ದಳು. ಅವತ್ತು ಅವಳ ಕಾಲುಗಳು ಚಿಂದಿಯಲ್ಲಿ ಸುತ್ತಿಕೊಂಡಿದ್ದವು. ಬಿರುಕು ಕೀವಾಗಿ ಊದಿಕೊಂಡಿತ್ತು. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಪಟ್ಟಿ ಕಟ್ಟಿಸಿದೆ. ಬರಿಗಾಲಲ್ಲಿ ಓಡಾಡಬಾರದು ಎಂದು ಅಲ್ಲಿ ಹೇಳಿ ಕಳಿಸಿದರು. ನಾನು ತಲೆಯಾಡಿಸಿದೆ.

ಅಲ್ಲಿಂದ ನೆಟ್ಟಗೆ ಸಾಹೇಬರ ಕೋಣೆಗೆ ಹೋಗಿ ಕೀಲಿ ಕೇಳಿದೆ. "ಒಂದೇ ಒಂದ ಕೌದಿ, ಒಂದ ಜೋಡ ಚಪ್ಪಲ ಕೊಡ್ರಿ ಸಾಹೇಬ್ರ. ನಮ್ಮ ಅವ್ವ ಹೊಲ್ದದ್ದು ಅದು."

"ನಿಮ್ಮ ಸಂಕಟ ನನಗೆ ಅರ್ಥ ಆಗುತ್ತೆ" ಎಂದರು. "ಆದ್ರೆ ಮುದ್ರೆ ಹಾಕಿರೋ ಮಾಲು. ನೀವೇ ಹಾಕಿದ್ದಲ್ವೇನ್ರೀ?"

ಹೌದು, ನಾನೇ. ಆ ಅರಗಿನ ಮುದ್ರೆಯನ್ನು ಒಂದು ಕಲ್ಲಿನಿಂದ ಒಡೆದು ಹಾಕಬಹುದಿತ್ತು. ಹೊಸ ರಾಜ್ಯ, ಹೊಸ ಸಾಹೇಬರು, ಕಾಯಂ ಆಗದ ನೌಕರಿ. ನಾನು ಒಡೆಯಲಿಲ್ಲ. ಬೇರೆ ಏನೇ ಕಾರಣ ಹೇಳಿದರೂ ಅದು ಹೇಡಿತನ.

ಮಾಘದಲ್ಲಿ ಕೊನೆಗೂ ದಿನ ಗೊತ್ತಾಯಿತು. ಊರಿನ ಕಾಲಮಿಗೆ ಮೇಲಿನಿಂದ ಒಂದು ದಾರಿ ಬಂದಿತ್ತು: ವಾಸ ತಿಳಿಯದು ಎಂದು ಬರೆಯಬಹುದು. ಎರಡು ಪದ ಬರೆಯಲು ಅಷ್ಟು ದಿನ. ಮಾಲನ್ನು ಒಮ್ಮೆ ನೋಡಿಬಿಡೋಣ ಎಂದು ಸಾಹೇಬರೂ ನಾನೂ ಗೋದಾಮಿಗೆ ಹೋದೆವು. ಬಾಗಿಲು ತೆಗೆದ ಕೂಡಲೇ ವಾಸನೆ ಬಂತು. ಕಾಲಡಿಯಲ್ಲಿ ಏನೋ ಸರಸರ ಓಡಿತು.

ಇಲಿಗಳು. ಕೌದಿಗಳನ್ನು ಕೆಡವಿ ನೋಡಿದೆವು. ಎಂಟು ಪೂರ್ತಿ ಹಾಳಾಗಿದ್ದವು. ಉಳಿದ ಕೆಲವಕ್ಕೆ ತೂತು. ಎಲ್ಲೆಂದರಲ್ಲಿ ಕಡಿದದ್ದಲ್ಲ, ಮೂಲೆಯಿಂದಲೇ ಶುರು ಮಾಡಿದ್ದವು. ಪ್ರತಿಯೊಂದರಲ್ಲೂ ಅವ್ವ ಮುಚ್ಚಿದ ಆ ಒಂದು ಮೂಲೆ. ಅಲ್ಲಿಂದ ಒಳಹೊಕ್ಕು, ಪದರಗಳ ನಡುವೆ ಗೂಡು ಮಾಡಿ, ಮರಿ ಹಾಕಿದ್ದವು. ಎಣ್ಣೆ ಹಚ್ಚಿದ್ದ ಚಪ್ಪಲಿಗಳಲ್ಲಿ ನಾಲ್ಕಾರು ಜೋಡಿಯ ಬಾರುಗಳನ್ನೂ ಬಿಟ್ಟಿರಲಿಲ್ಲ.

ಸಾಹೇಬರು ನೆಲದಿಂದ ಒಂದು ಚೂರು ಎತ್ತಿ ಬೆಳಕಿಗೆ ಹಿಡಿದರು. "ಏನ್ರೀ ಇದು? ರೊಟ್ಟಿ! ಕೌದಿ ಒಳಗೆ ರೊಟ್ಟಿ ಯಾರ್ರೀ ಇಟ್ಟಿದ್ದು?"

ಹೇಳಿದೆ. ಪದ್ಧತಿ ಹೀಗಿದೆ, ಹೊಟ್ಟೆ ಖಾಲಿ ಇರಬಾರದಂತೆ ಎಂದು. ಅವರು ನಗುತ್ತಾರೆಂದುಕೊಂಡಿದ್ದೆ, ನಗಲಿಲ್ಲ. "ಮೊದಲೇ ಹೇಳ್ಬಾರ್ದಿತ್ತೇನ್ರೀ? ಗೋದಾಮಿಗೆ ಹಾಕ್ತಾನೇ ಇರ್ಲಿಲ್ಲವಲ್ಲ" ಎಂದರು. ಗೋದಾಮಿಗೆ ಇಡುವ ದಿನ ನನಗೆ ಆ ರೊಟ್ಟಿಯ ನೆನಪು ಬಂದಿತ್ತು. ಮೈಸೂರಿನ ಸಾಹೇಬರ ಮುಂದೆ ಇಂಥದ್ದನ್ನು ಹೇಳಿದರೆ ನಮ್ಮನ್ನು ಹಳ್ಳಿ ಗಮಾರರು ಅಂದಾರು ಎಂದು ನುಂಗಿಕೊಂಡಿದ್ದೆ. ಮನೆಯಲ್ಲಾದರೆ ಹೊಲಿದ ದಿನವೇ ಹೊದೆಯುವ ಕೌದಿಗೆ ಇಲಿಯ ಭಯ ಎಲ್ಲಿಯದು? ಬೀಗ ಹಾಕಿ ತಿಂಗಳುಗಟ್ಟಲೆ ಇಡುತ್ತಾರೆಂದು ಅವ್ವನಿಗೇನು ಗೊತ್ತು?

"ಮಿಕ್ಕಿದ್ದರಲ್ಲೂ ಇರುತ್ತಲ್ವಾ? ಎಲ್ಲಾ ತೆಗೆಸಿಬಿಡಿ" ಎಂದು ಸಾಹೇಬರು ಹೊರಟುಹೋದರು.

ಯಾರ ಕೈಯಿಂದ ತೆಗೆಸಲಿ? ನಾನೇ ಕೂತೆ. ಕಚೇರಿಯ ಕತ್ತರಿ ಹಿಡಿದು ಒಂದೊಂದೇ ಕೌದಿಯ ಮೂಲೆ ಬಿಚ್ಚಿದೆ. ಅವ್ವನ ಹೊಲಿಗೆ ನನಗೆ ಗೊತ್ತು. ಎರಡೆಳೆಯ ದಾರ, ಒತ್ತೊತ್ತಾಗಿ, ಕೊನೆಗೆ ಎರಡು ಗಂಟು. ಬಿಚ್ಚಿ, ಬೆರಳು ಹಾಕಿ, ಗಟ್ಟಿಯಾದ ರೊಟ್ಟಿಯ ಚೂರು ಹೊರಗೆಳೆಯುವುದು, ಬುಟ್ಟಿಗೆ ಹಾಕುವುದು. ಬೆಲ್ಲದ ಹರಳುಗಳಿಗೆ ಇರುವೆ ಮುತ್ತಿದ್ದವು. ಮತ್ತೆ ಹೊಲಿಯಲು ನನಗೆ ಬರುವುದಿಲ್ಲ. ಬಿಚ್ಚಿದ ಮೂಲೆಗಳಿಗೆ ಕಾಗದಕ್ಕೆ ಚುಚ್ಚುವ ಗುಂಡುಸೂಜಿ ಚುಚ್ಚಿ ಮಡಚಿಟ್ಟೆ. ಅವ್ವ ನೋಡಿದ್ದರೆ ನನ್ನ ಕೈ ಮುರಿಯುತ್ತಿದ್ದಳು.

ಹಂಚುವ ದಿನ ಶಿವರಾತ್ರಿಗೆ ಒಂದು ವಾರ ಇತ್ತು. ಹೊತ್ತು ಏರುತ್ತಲೇ ಬಿಸಿಲು ಚುರುಕಾಯಿತು. ಕಚೇರಿಯ ಅಂಗಳದಲ್ಲಿ ನೆರಳಿಗೆಂದು ಶಾಮಿಯಾನ ಹಾಕಿಸಿದ್ದರು. ಮೇಲಿನ ಸಾಹೇಬರು ಅವತ್ತೂ ಬರಲಿಲ್ಲ, ತಮ್ಮ ಬದಲಿಗೆ ಬೇರೊಬ್ಬರನ್ನು ಕಳಿಸಿದ್ದರು. ಅವರ ಭಾಷಣ ಮುಗಿಯುವಷ್ಟರಲ್ಲಿ ಕೂತವರೆಲ್ಲ ಸೆರಗು, ಟವೆಲ್ಲಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಆಮೇಲೆ ಉಳಿದ ಕೌದಿ ಹಂಚಿದರು. ಎಲ್ಲರಿಗೂ ತಂಪಾಗಲೆಂದು ಬೆಲ್ಲದ ಪಾನಕವನ್ನೂ ಕೊಟ್ಟರು. ಚಳಿಗೆ ಕೌದಿ, ಬಿಸಿಲಿಗೆ ಪಾನಕ, ಎರಡೂ ಒಂದೇ ಕೈಯಿಂದ. ನನಗೆ ಅಲ್ಲೇ ಚೀರಬೇಕೆನಿಸಿತು, ಆದರೆ ಹೆಸರು ಕೂಗುವ ಕೆಲಸ ನನ್ನದಾಗಿತ್ತು. ನನ್ನ ಕೋಟು ಹೊದ್ದಿದ್ದ ಮುದುಕನ ಹೆಸರು ಕೂಗಿದೆ. ಅವನು ಬರಲಿಲ್ಲ. ಹತ್ತು ದಿನದ ಹಿಂದೆ ಆಸ್ಪತ್ರೆಗೆ ಒಯ್ದವರು ವಾಪಸು ಕರೆತರಲಿಲ್ಲ ಎಂದು ಯಾರೋ ಹೇಳಿದರು. ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಏನು ಬರೆಯಬೇಕೆಂದು ತಿಳಿಯದೆ ಬಿಟ್ಟುಬಿಟ್ಟೆ. ಆ ಕಾಲಮು ಖಾಲಿ ಉಳಿಯಿತು, ಯಾರೂ ಕೇಳಲಿಲ್ಲ.

ಎಕಂಬಾದ ಆಯಿಯನ್ನು ನಾನೇ ಕೈಹಿಡಿದು ಕರೆತಂದಿದ್ದೆ. ಎಲ್ಲ ಮುಗಿದ ಮೇಲೆ ಅಂಗಳದ ಗೋಡೆಯ ಪಕ್ಕ ಕೂರಿಸಿ ಚಪ್ಪಲಿ ತೊಡಿಸಲು ನೋಡಿದೆ. ಹೆಬ್ಬೆರಳು ಚಪ್ಪಲಿಯ ಉಂಗುಟದ ಬಾರಿನೊಳಗೆ ಹೋಗಲೇ ಇಲ್ಲ. ಊದಿದ ಪಾದ, ಮೇಲೆ ಪಟ್ಟಿ. ಔರಾದಿನ ಮುದುಕ ಗಂಟಿಗೆ ಗಂಟು ಹೊಂದಿಸಿ ಹೊಲಿದಿದ್ದ, ತಪ್ಪು ಅವನದಲ್ಲ. ಇನ್ನೊಂದು ಸಲ ಒತ್ತಿದೆ. ಅವಳು ನೋವಿಗೆ ತುಟಿ ಕಚ್ಚಿದಳು.

"ಬಿಡ್ರಿ ಯಪ್ಪಾ" ಎಂದಳು. "ನೀವ ಅಳದ ಕಾಲ ಬ್ಯಾರೆ ಇತ್ರಿ."

ಚಪ್ಪಲಿಯನ್ನು ಪಕ್ಕಕ್ಕಿಟ್ಟು ಕೌದಿಯನ್ನು ಮಡಿಲಿಗೆ ಎಳೆದುಕೊಂಡಳು. ಕಣ್ಣು ಕಾಣದಿದ್ದರೂ ಅವಳ ಬೆರಳುಗಳು ಹೊಲಿಗೆಯ ಸಾಲಿನ ಮೇಲೆ ಓಡಾಡಿದವು. ಕೂಲಿಯವರು ಹೊಲಿದದ್ದಲ್ಲ, ಮನೆ ಹೆಂಗಸರ ಕೈ ಎಂದು ಮೆಚ್ಚಿಕೊಂಡಳು. ಅಂಚು ಹಿಡಿದು ಒಂದು ಮೂಲೆ ಮುಟ್ಟಿದಳು, ಎರಡನೆಯದು, ಮೂರನೆಯದು. ನಾಲ್ಕನೆಯ ಮೂಲೆಗೆ ಬಂದಾಗ ಗುಂಡುಸೂಜಿ ಚುಚ್ಚಿತು. ಬೆರಳನ್ನು ಬಾಯಲ್ಲಿಟ್ಟುಕೊಂಡಳು. ಆಮೇಲೆ ನಿಧಾನವಾಗಿ ಸೂಜಿ ಕಿತ್ತು, ಒಳಗೆ ಎರಡು ಬೆರಳು ಹಾಕಿ ತಡಕಿದಳು.

"ಇದರ ಹೊಟ್ಟಿ ಯಾರ ಬಿಚ್ಯಾರ್ರಿ?"

ಇಲಿ ಎಂದುಬಿಡಬಹುದಿತ್ತು. "ನಾನೇ ಆಯಿ" ಎಂದೆ. ಗೋದಾಮು, ಬೀಗ, ಇಲಿ, ಕತ್ತರಿ, ಎಲ್ಲ ಹೇಳಿದೆ. ಆಯಿಗೆ ಕೌದಿ ಹೊದಿಸಿ ಬಂದೆ ಎಂದು ಅವ್ವನಿಗೆ ಸುಳ್ಳು ಹೇಳಿದ್ದನ್ನೂ ಹೇಳಿದೆ. ಅವಳು ಎಲ್ಲ ಕೇಳಿಸಿಕೊಂಡಳು. ಆಮೇಲೆ ಸೆರಗಿನ ತುದಿಯ ಗಂಟು ಬಿಚ್ಚಿದಳು. ಅದರಲ್ಲಿ ಬೆಳಿಗ್ಗೆ ಯಾರದೋ ಮನೆಯಿಂದ ಸಿಕ್ಕ ಅರ್ಧ ರೊಟ್ಟಿ ಇತ್ತು. ಅಂಚಿನಿಂದ ಒಂದು ಚೂರು ಮುರಿದು ಕೌದಿಯ ಮೂಲೆಯೊಳಗೆ ಇಟ್ಟಳು.

"ಬ್ಯಾಡ ಆಯಿ, ನೀ ತಿನ್ನು. ಮತ್ತ ಇಲಿ ಬರ್ತಾವ."

"ದಿನಾ ಹೊದ್ಕೊಳ್ಳೂ ಕೌದಿಗಿ ಇಲಿ ಬರಂಗಿಲ್ರಿ. ಕೀಲಿ ಹಾಕಿ ಇಟ್ಟದ್ದಕ್ಕ ಬರ್ತಾವ."

ಕುಪ್ಪಸದ ಅಂಚಿನಿಂದ ಒಂದು ಸೂಜಿ ತೆಗೆದಳು. ಕಸುಬು ಬಿಟ್ಟು ಎಷ್ಟೋ ವರ್ಷವಾದರೂ ಸೂಜಿ ಬಿಟ್ಟಿರಲಿಲ್ಲ. ನಾನು ಬಿಚ್ಚಿದ ಮೂಲೆಯಲ್ಲಿ ಜೋತಾಡುತ್ತಿದ್ದ ಅವ್ವನ ದಾರವನ್ನೇ ಎಳೆದು ತೆಗೆದು ಸೂಜಿಯ ಜೊತೆ ನನ್ನ ಕೈಗೆ ಕೊಟ್ಟಳು. "ಪೋಣಿಸಿ ಕೊಡ್ರಿ, ನನಗ ಕಾಣಂಗಿಲ್ಲ" ಎಂದಳು. ಕಣ್ಣು ಚೆನ್ನಾಗಿದ್ದ ನನಗೂ ಆಗ ಸೂಜಿಯ ಕಣ್ಣು ಕಾಣಲಿಲ್ಲ. ಮೂರು ಸಲ ತಪ್ಪಿ ನಾಲ್ಕನೆಯ ಸಲ ಪೋಣಿಸಿದೆ. ಅವಳು ಬೆರಳಿನ ಅಂದಾಜಿನಲ್ಲೇ ಮೂಲೆ ಮುಚ್ಚಿ, ಹಲ್ಲಿನಿಂದ ದಾರ ಕಡಿದಳು.

ಆಮೇಲೆ ಆ ಬಿಸಿಲಿನಲ್ಲೇ ಕೌದಿಯನ್ನು ಬಿಚ್ಚಿ ಮೈತುಂಬ ಹೊದ್ದು ಕೂತಳು. ಹಣೆಯ ಮೇಲೆ ಬೆವರೊಡೆಯಿತು. ಬೇಡ, ತೆಗೆ ಎಂದರೂ ತೆಗೆಯಲಿಲ್ಲ.

"ಬೆಚ್ಚಗ ಅದ್ರಿ ಸಾಹೇಬ್ರ" ಎಂದಳು, ಬೆವರು ಒರೆಸಿಕೊಳ್ಳುತ್ತಾ. "ಈಗ ನಿಮ್ಮವ್ವಗ ಹೇಳಿದ್ದು ಖರೆ ಆಯ್ತ ಬಿಡ್ರಿ."